ಕಲ್ಲೂಡಿಯ ಕಾಲುವೆ ಶಾಸನ: ಆಜ್ಞೆ ಎಲ್ಲಿಗೆ, ನೀರು ಎಲ್ಲಿಗೆ?

ನಮ್ಮಲ್ಲಿ ನೀರಾವರಿಯ ಚರಿತ್ರೆ ಬರೆಯುವವರು ಮೊದಲು ಕೈಮುಗಿಯುವುದು ಕಡಪ ಸೀಮೆಯ ಪೋರುಮಾಮಿಳ್ಳ ಶಾಸನಕ್ಕೆ. ಕೆರೆಗೆ ಬೇಕಾದ ಹನ್ನೆರಡು ಅಂಗ, ತಪ್ಪಿಸಬೇಕಾದ ಆರು ದೋಷ ಎಂದು ಶ್ಲೋಕ ಕಟ್ಟಿದ 1369ರ ಆ ಸಂಸ್ಕೃತ ಶಾಸನದಲ್ಲಿ ಪಾಂಡಿತ್ಯಕ್ಕೇನೂ ಬರವಿಲ್ಲ. ಆದರೆ ಅದಕ್ಕೆ ಸಂದ ಮರ್ಯಾದೆ ಹೆಚ್ಚಾಯಿತು. ಹತ್ತೊಂಬತ್ತು ವರ್ಷಗಳ ನಂತರ, 1388ರಲ್ಲಿ, ಗೌರಿಬಿದನೂರು ಬಳಿಯ ಕಲ್ಲೂಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿದ ಕಾಲುವೆ ಶಾಸನ ಬರವಣಿಗೆಯಾಗಿ ಅದಕ್ಕಿಂತ ಮೇಲು. ಶಾಸನಗಳನ್ನು ಜಿಲ್ಲಾವಾರು ಸಂಪುಟಗಳಾಗಿ ಹೊರತಂದ ರೈಸ್ ಸಾಹೇಬರು 1905ರಲ್ಲೇ ಅದನ್ನು ಕೋಲಾರ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. 2007ರಲ್ಲಿ ಜಿಲ್ಲೆ ಇಬ್ಭಾಗವಾಗಿ ಊರು ಚಿಕ್ಕಬಳ್ಳಾಪುರಕ್ಕೆ ಸೇರಿತು; ಕೋಲಾರದವರಿಗೆ ಮರೆಯಲು ಇನ್ನೊಂದು ನೆಪ ಸಿಕ್ಕಿತು.

ಶಾಸನದ ವಿಷಯ ಇಷ್ಟೇ. ಹರಿಹರರಾಯನ ಮಗ ಪ್ರತಾಪ ಬುಕ್ಕರಾಯ ಪೆನುಗೊಂಡೆಯಲ್ಲಿದ್ದಾಗ, ಪ್ರಜೆಗಳು ಸುಖವಾಗಿರಲಿ, ನೀರೇ ಪ್ರಾಣಿಗಳಿಗೆ ಜೀವನ ಎಂದು ಬಗೆದು, ಹೆನ್ನೆಯ ನದಿಯನ್ನು (ನಮ್ಮ ಉತ್ತರ ಪಿನಾಕಿನಿಯನ್ನು) ಪೆನುಗೊಂಡೆಗೆ ತರಬೇಕೆಂದು ಜಲಸೂತ್ರದ (ನೀರು ಹರಿಸುವ ವಿದ್ಯೆ ಬಲ್ಲ) ಸಿಂಗಾಯಭಟ್ಟನಿಗೆ ಅಪ್ಪಣೆ ಕೊಟ್ಟ. ಆ ಸಿಂಗಾಯಭಟ್ಟ ಸಿರುವೆರದ ಕೆರೆಗೆ ಕಾಲುವೆ ತಂದು, ಅದಕ್ಕೆ ರಾಯನ ಹೆಸರಿಟ್ಟು, ಶಾಸನ ಬರೆಯಿಸಿದ.

ಮತ್ತೊಮ್ಮೆ ಓದಿ. ಅಪ್ಪಣೆ ಆದದ್ದು ಪೆನುಗೊಂಡೆಗೆ. ಕಾಲುವೆ ಬಂದದ್ದು ಸಿರುವೆರದ ಕೆರೆಗೆ. ನದಿ ಪೆನುಗೊಂಡೆ ಮುಟ್ಟಿತು ಎಂದು ಕಲ್ಲು ಎಲ್ಲಿಯೂ ಹೇಳುವುದಿಲ್ಲ. ಒಂದೇ ಉಸಿರಿನಲ್ಲಿ ಅಪ್ಪಣೆಯನ್ನೂ ಕೆಲಸವನ್ನೂ ಹೇಳುವಾಗ ಊರಿನ ಹೆಸರು ಬದಲಾಗುತ್ತದೆ. ಅದಕ್ಕೆ ಸಮಜಾಯಿಷಿಯೂ ಇಲ್ಲ, ಕ್ಷಮಾಪಣೆಯೂ ಇಲ್ಲ. ರಾಯನನ್ನು ಮೆಚ್ಚಿಸಲು ಕೆತ್ತುವವನಾಗಿದ್ದರೆ ಪಿನಾಕಿನಿಯನ್ನು ಕೋಟೆ ಬಾಗಿಲಿಗೇ ಹರಿಸಿಬಿಡುತ್ತಿದ್ದ. ಬರೆಯಿಸಿದವನು ಕಾಲುವೆ ತಂದವನೇ ಆದ್ದರಿಂದ ನೀರು ನಿಂತಲ್ಲಿ ಮಾತೂ ನಿಂತಿದೆ. ಬರವಣಿಗೆಯ ಈ ಶಿಸ್ತು ನಮ್ಮ ಶಾಸನಗಳಲ್ಲಿ ಅಪರೂಪ.

ಇದನ್ನು ಉಲ್ಲೇಖಿಸುವ ಇತಿಹಾಸಕಾರರು ಮಾತ್ರ ಆ ಶಿಸ್ತನ್ನು ಪಾಲಿಸುವುದಿಲ್ಲ. ‘ಬುಕ್ಕರಾಯ ಪೆನುಗೊಂಡೆಗೆ ನದಿ ತಂದ’ ಎಂದು ಅಪ್ಪಣೆಯನ್ನೇ ಫಲವೆಂದು ಬರೆದು ಮುಗಿಸುತ್ತಾರೆ. ಕೆರೆಯಿಂದ ಕೆರೆಗೆ ಕೋಡಿ ಹರಿದು ನೀರು ಮುಂದೆ ಹೋಗಿರಬಹುದಲ್ಲ ಎಂಬ ವಾದವೂ ಉಂಟು. ಹೋಗಿರಬಹುದು, ಅದು ವಾದಿಸುವವರ ಊಹೆ, ಶಾಸನದ ಮಾತಲ್ಲ. ವಂಶಾವಳಿ ಹುಡುಕುವ ಕಣ್ಣಿಗೆ ರಾಯನ ಹೆಸರೊಂದು ಸಿಕ್ಕರೆ ಸಾಕು, ಸಿಂಗಾಯಭಟ್ಟ ಅಡಿಟಿಪ್ಪಣಿಗೆ ಇಳಿಯುತ್ತಾನೆ. ನಮ್ಮ ಶಾಸನ ವಿಮರ್ಶೆ ಇನ್ನೂ ಅರಮನೆಯ ಓಲಗದಿಂದ ಹೊರಬಂದಿಲ್ಲ.

ಕಲ್ಲೂಡಿ ಶಾಸನದಲ್ಲಿ ದೋಷವಿಲ್ಲವೆಂದಲ್ಲ. ಮಣ್ಣು ಹೊತ್ತವರ ಸುದ್ದಿಯೇ ಇಲ್ಲ. ಪೋರುಮಾಮಿಳ್ಳ ಶಾಸನವಾದರೂ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಲೆಕ್ಕ ಕೊಡುತ್ತದೆ. ಅಷ್ಟರ ಮಟ್ಟಿಗೆ ಅದಕ್ಕೆ ಅಂಕ ಕೊಡೋಣ.

ಬಂಗಾರಪೇಟೆ, ಕೆ.ಜಿ.ಎಫ್. ಕಡೆಯವರಿಗೆ ಇದು ದೂರದ ಮಾತಾಗಬಾರದು. ಹತ್ತನೆಯ ಶತಮಾನದಲ್ಲಿ ನೊಳಂಬರ ಕಾಲಕ್ಕೆ ಒಡೆದ ಏರಿ ಕಟ್ಟಿಸಿದ ಶಾಸನವಿರುವ ಬೇತಮಂಗಲದ ಕೆರೆಯೇ ಮುಂದೆ ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟದ್ದು. ಆ ಗಣಿಯಲ್ಲಿ ಗಿಫರ್ಡ್, ಎಡ್ಗರ್ ಎಂದು ದೊರೆಗಳ ಹೆಸರು ಹೊತ್ತ ಶಾಫ್ಟುಗಳು 2001ರಲ್ಲಿ ಗಣಿ ಮುಚ್ಚಿದ ಮೇಲೂ ಜನರ ಬಾಯಲ್ಲಿವೆ. ಆ ಶಾಫ್ಟುಗಳ ಹಾಗೆ ಕಲ್ಲೂಡಿಯ ಕಾಲುವೆಗೂ ಒಡೆಯನ ಹೆಸರೇ. ಆದರೆ ಅದನ್ನು ತಂದವನ ಹೆಸರೂ ಅದೇ ಕಲ್ಲಿನಲ್ಲಿದೆ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಎತ್ತಿನಹೊಳೆಯ ನೀರನ್ನು ಈ ಕಡೆಗೆ ತರುವ ಯೋಜನೆಗೆ 2014ರಲ್ಲೇ ಅಡಿಗಲ್ಲು ಬಿದ್ದಿದೆ. ಈ ಯೋಜನೆಗಳ ಫಲಕ ಬರೆಯುವವರು ಒಮ್ಮೆ ರೈಸರ ಹತ್ತನೆಯ ಸಂಪುಟ ತೆರೆದು, ಗೌರಿಬಿದನೂರು ತಾಲ್ಲೂಕಿನ ಆರನೆಯ ಶಾಸನ ಓದಲಿ. ಮಂಜೂರಾತಿ ಎಲ್ಲಿಯವರೆಗೆ, ನೀರು ಬಂದದ್ದು ಎಲ್ಲಿಯವರೆಗೆ ಎಂದು ಎರಡನ್ನೂ ಕೆತ್ತಿಸಲಿ.