ಮಂಗನ ಕಾಯಿಲೆಯ ಲಸಿಕೆ: ಮೂರು ಪ್ರಬಂಧಗಳ ವಿಮರ್ಶೆ

ವಿಜ್ಞಾನಪ್ರಬಂಧಗಳು ಸಾಹಿತ್ಯವಿಮರ್ಶೆಯ ಮೇರೆಗೆ ಹೊರಗಿನವೆಂಬ ಭಾವನೆ ವಿದ್ವಾಂಸರಲ್ಲಿ ರೂಢವಾಗಿರುವುದು. ಆದರೆ ಪ್ರಮಾಣ, ನಿರೂಪಣೆ, ನಿರ್ಣಯಗಳೆಂಬ ಮೂರೂ ಕೂಡಿರುವ ಬರೆಹವು ಯಾವ ಶಾಸ್ತ್ರಕ್ಕೆ ಸೇರಿದ್ದರೂ ಪರೀಕ್ಷೆಗೆ ಅರ್ಹವಾದುದೇ. ಮಲೆನಾಡಿನ ಮಂಗನ ಕಾಯಿಲೆಯನ್ನು ಕುರಿತು 2013 ಮತ್ತು 2015ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಮೂರು ಪ್ರಬಂಧಗಳು ಅಂತಹವು. ಮೊದಲಿನ ಎರಡಕ್ಕೆ ಜಿ. ಎಸ್. ಕಸಬಿಯವರೂ ಮೂರನೆಯದಕ್ಕೆ ಎಸ್. ಕೆ. ಕಿರಣ್ ಅವರೂ ಮೊದಲ ಲೇಖಕರು. ಮೂರರಲ್ಲಿಯೂ ಸಹಲೇಖಕರಾಗಿರುವವರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯ ಡಾ. ಮನೋಜ್ ಮುರ್ಹೇಕರ್ ಒಬ್ಬರು.

ವಿಷಯದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನು ಕಂಡು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಶೋಧ ನಡೆಸಿ, ಉಣ್ಣೆಗಳಿಂದ ಹರಡುವ ವೈರಾಣುವೊಂದನ್ನು ಗುರುತಿಸಿದರು. ಕಾಡಿಗೆ ಸೌದೆಗೂ ದರಗಿಗೂ ಹೋಗುವವರಿಗೆ, ದನ ಮೇಯಿಸುವವರಿಗೆ ಈ ಜ್ವರದ ಭಯ ಹೆಚ್ಚು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಮರಣಹೊಂದುವರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಈ ಹೆಸರನ್ನು ಕೇಳದ ಮನೆಯಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಲಸಿಕೆಯುಂಟಾಯಿತು. 1990–92ರ ಕ್ಷೇತ್ರಪ್ರಯೋಗವನ್ನು 1994ರಲ್ಲಿ ವರದಿಮಾಡಿದ ದಂಡವತೆ ಮೊದಲಾದವರು, ಒಂದು ಚುಚ್ಚುಮದ್ದಿಗೆ ನೂರಕ್ಕೆ 79.3ರಷ್ಟೂ ಎರಡಕ್ಕೆ 93.5ರಷ್ಟೂ ರಕ್ಷಣೆಯನ್ನು ಹೇಳಿದರು. ಮುಂದಿನ ಎರಡು ದಶಕಗಳ ವಿಶ್ವಾಸಕ್ಕೆ ಈ ಅಂಕಿಗಳೇ ಆಧಾರವಾದುವು.

ಕಸಬಿ, ಮುರ್ಹೇಕರ್ ಮೊದಲಾದವರ ಪ್ರಬಂಧವು ಈ ಆಧಾರವನ್ನೇ ಪುನಃ ತೂಗಿ ನೋಡುವುದು. 2005ರಿಂದ 2010ರ ವರೆಗಿನ ದಾಖಲೆಗಳಲ್ಲಿ ಕಂಡ 168 ರೋಗಿಗಳಲ್ಲಿ 134 ಮಂದಿ ಲಸಿಕೆ ಪಡೆಯದವರು. 9 ಮಂದಿ ಒಂದು, 13 ಮಂದಿ ಎರಡು ಚುಚ್ಚುಮದ್ದು ಪಡೆದವರು. 12 ಮಂದಿ ಬಲವರ್ಧಕವನ್ನೂ ಪಡೆದವರು. ಅವಸರದ ವಾಚಕನು, ಲಸಿಕೆಯಿಲ್ಲದವರೇ ಬಹುಮಂದಿಯಾದುದರಿಂದ ಲಸಿಕೆ ಫಲಕಾರಿಯೆಂದು ಇಲ್ಲಿಯೇ ತೀರ್ಮಾನಿಸಿಬಿಡುವನು. ಊರಿನಲ್ಲಿ ಲಸಿಕೆ ಪಡೆಯದವರೇ ಬಹುಸಂಖ್ಯಾತರಾದರೆ ರೋಗಿಗಳಲ್ಲಿಯೂ ಅವರೇ ಹೆಚ್ಚಾಗಿರುವುದು ಸಹಜವಷ್ಟೆ. ಲೇಖಕರು ಆದುದರಿಂದಲೇ ಆಯಾ ವರ್ಗದ ಜನಸಂಖ್ಯೆಯನ್ನು ಛೇದವಾಗಿಟ್ಟು ಲೆಕ್ಕ ಮಾಡಿರುವರು. ಫಲವಿಷ್ಟು: ಒಂದು ಚುಚ್ಚುಮದ್ದಿನಿಂದ ರಕ್ಷಣೆಯಿಲ್ಲ, ಎರಡರಿಂದ ನೂರಕ್ಕೆ 62.4, ಬಲವರ್ಧಕವೂ ಸೇರಿದರೆ 82.9. ಹಿಂದಿನ ವರದಿಯ ಮಾತು ಇಲ್ಲಿ ಬಹುಮಟ್ಟಿಗೆ ಕುಗ್ಗಿರುವುದು.

2011–12ರ ಪ್ರಕೋಪವನ್ನು ಕುರಿತ ಎರಡನೆಯ ಪ್ರಬಂಧವು ಇದನ್ನೇ ಸಮರ್ಥಿಸುವುದು. ಶಂಕಿತರಾದ 215 ಮಂದಿಯಲ್ಲಿ 61 ಮಂದಿಗೆ ರೋಗವು ಪ್ರಯೋಗಾಲಯದಲ್ಲಿ ದೃಢಪಟ್ಟಿತೆಂದೂ ಒಂದು ಚುಚ್ಚುಮದ್ದು ರಕ್ಷಿಸಲಿಲ್ಲವೆಂದೂ ಅದು ತಿಳಿಸುವುದು. 2013–14ರ ಪ್ರಕೋಪದ ಮೇಲಣ ಮೂರನೆಯದು ಇನ್ನೂ ಮುಂದುವರಿದು, ಲಸಿಕೆಗೆಂದು ಆಯ್ದ ಪ್ರದೇಶಗಳನ್ನೂ ವಯೋವರ್ಗಗಳನ್ನೂ ರೋಗವು ದಾಟಿತೆಂದು ತೋರಿಸಿ, ಲಸಿಕೆಯ ಕ್ರಮವನ್ನೇ ಮರುವಿಮರ್ಶಿಸಬೇಕೆಂದು ಹೇಳುವುದು.

ಈ ಪ್ರಬಂಧಗಳ ಗುಣವು ಅವುಗಳ ಮಿತಭಾಷಿತ್ವದಲ್ಲಿದೆ. ಸರಕಾರವೇ ನಡೆಸುತ್ತಿದ್ದ ಲಸಿಕಾಕಾರ್ಯದ ಕೊರತೆಯನ್ನು ನಿಷ್ಠುರೋಕ್ತಿಯಿಲ್ಲದೆ ಅಂಕಿಗಳಿಂದಲೇ ಹೇಳಿರುವುದು ಪ್ರಶಂಸನೀಯ. ಆದರೂ ಎರಡು ಮಾತುಗಳನ್ನು ಆಡಬೇಕಾಗಿದೆ. ಮೊದಲನೆಯದು, 62.4 ಎಂಬ ಅಂಕಿಯ ವಿಶ್ವಾಸಮಿತಿಯು 26.1ರಿಂದ 80.8ರ ವರೆಗೆ ಹರಡಿರುವುದು. ಅದನ್ನು ಬಿಟ್ಟು ನಡುವಣ ಸಂಖ್ಯೆಯೊಂದನ್ನೇ ಉದ್ಧರಿಸುವವರು ಲೇಖಕರಿಗೆ ಅನ್ಯಾಯ ಮಾಡುವರು. ಮೇಲಾಗಿ ಇದು ಪ್ರಯೋಗವಲ್ಲ, ದಾಖಲೆಗಳ ಅವಲೋಕನ. ತಪ್ಪದೆ ಬಲವರ್ಧಕವನ್ನು ಪಡೆದವರು ಕಾಡಿಗೆ ಹೋಗುವಾಗಲೂ ಹೆಚ್ಚು ಎಚ್ಚರ ವಹಿಸಿದವರಿರಬಹುದು. ಎರಡನೆಯದು, ಲಸಿಕೆ ಪಡೆದವರು ಕಡಮೆಯೆಂಬುದನ್ನು ಎಣಿಸಿದಷ್ಟು ಎಚ್ಚರಿಕೆಯಿಂದ, ಜನರು ಏಕೆ ಹಿಂದೆಗೆದರೆಂಬುದನ್ನು ವಿಚಾರಿಸಬೇಕಾಗಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಬಳಿಕ ವರ್ಷವರ್ಷವೂ ಒಂದೊಂದು: ಇಷ್ಟು ಸಲ ತೋಳೊಡ್ಡಬೇಕಾದ ಕೂಲಿಕಾರನಿಗೆ ಅದರ ಫಲ ಎಷ್ಟೆಂದು ಅವನ ಭಾಷೆಯಲ್ಲಿ ತಿಳಿಸುವುದು ಯಾರ ಹೊಣೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಈ ಲೋಪಗಳಿಂದ ಪ್ರಬಂಧಗಳ ಮುಖ್ಯಸಿದ್ಧಾಂತಕ್ಕೆ ಹಾನಿಯಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ರೋಗವು ಉಲ್ಬಣಿಸಿದಾಗಲೂ ಅದೇ ಲಸಿಕೆ ಬಳಕೆಯಲ್ಲಿದ್ದಿತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೊದಲ ಪ್ರಬಂಧಕ್ಕೂ ಈ ನಿಲುಗಡೆಗೂ ನಡುವೆ ಒಂಬತ್ತು ವರ್ಷಗಳು ಕಳೆದುವು. ಈ ಪ್ರಬಂಧಗಳ ಸಾರವು ಆಗಲೇ ಕನ್ನಡಕ್ಕೆ ಬಂದು, ಮಲೆನಾಡಿನ ಶಾಲೆಗಳಲ್ಲಿಯೂ ಪಂಚಾಯತಿಗಳಲ್ಲಿಯೂ ಓದಲ್ಪಟ್ಟಿದ್ದರೆ, ತಮ್ಮ ರಕ್ಷಣೆಯ ವಿಷಯದಲ್ಲಿ ಪ್ರಶ್ನೆ ಕೇಳುವ ಅಧಿಕಾರವಾದರೂ ಆ ಜನರಿಗೆ ದೊರೆಯುತ್ತಿತ್ತು. ಹೊಸ ಲಸಿಕೆಗಳ ವರದಿಗಳು ಬರುವಾಗ ಕನ್ನಡ ವಿದ್ವಾಂಸರು ಈ ಕೆಲಸವನ್ನು ತಮ್ಮದೆಂದು ಭಾವಿಸುವುದು ಯುಕ್ತ.