19ರಲ್ಲಿ 18: ಒಂದು ಹಳೆಯ ವೈದ್ಯಗ್ರಂಥದ ಮರುಓದು

ಕಿವಿ ಸೋರುವ ಮಗುವೊಂದು ನಿಮ್ಮ ತರಗತಿಯಲ್ಲೂ ಇರಬಹುದು. 'ದೊಡ್ಡದಾದಂತೆ ತಾನೇ ನಿಲ್ಲುತ್ತದೆ' ಎಂದು ಮನೆಯವರು ಸುಮ್ಮನಿರುವುದುಂಟು. ಆದರೆ ಆ ಸೋಂಕು ಕಿವಿಯ ಸುತ್ತಲಿನ ಮೂಳೆಯನ್ನು ದಾಟಿ ಮಿದುಳಿನಲ್ಲಿ ಕೀವು ತುಂಬಿದ ಕುರುವಾಗಬಲ್ಲದು. ಇದನ್ನು ವಿವರವಾಗಿ ನಿರೂಪಿಸಿದ ಗ್ರಂಥಗಳಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂವೆನ್ 1893ರಲ್ಲಿ ಪ್ರಕಟಿಸಿದ್ದು ಪ್ರಮುಖವಾದುದು.

ಮಿದುಳಿನ ಕುರುವಿಗೆ ಶಸ್ತ್ರಕ್ರಿಯೆಯಾದ 19 ಮಂದಿಯಲ್ಲಿ 18 ಮಂದಿ ಬದುಕಿದರೆಂಬುದು ಈ ಗ್ರಂಥದ ಪ್ರಸಿದ್ಧ ಅಂಕಿ. ಆಗ ಎಕ್ಸ್-ಕಿರಣ ತಿಳಿದಿರಲಿಲ್ಲ, ಪ್ರತಿಜೈವಿಕಗಳೂ ಇರಲಿಲ್ಲ. ಹಾಗಾದರೆ ಈ ಯಶಸ್ಸು ಹೇಗೆ? ಲಿಸ್ಟರ್ ಕಲಿಸಿದ ನಂಜುನಿರೋಧಕ ಕ್ರಮ, ಲಕ್ಷಣಗಳಿಂದಲೇ ಕುರುವಿನ ಜಾಗ ಗುರುತಿಸುವ ತರ್ಕ, ಕೀವಿನ ಮೂಲವನ್ನೂ ತೆಗೆದುಹಾಕುವ ಹಟ – ಈ ಮೂರರಿಂದ.

ಆದರೂ ಗಣಿತ ಬಲ್ಲ ನೀವು ಇಲ್ಲಿ ಛೇದವನ್ನು ಗಮನಿಸಬೇಕು. 19 ಎಂಬುದು ಶಸ್ತ್ರಕ್ರಿಯೆಯಾದವರ ಸಂಖ್ಯೆ, ಕಾಯಿಲೆ ಬಂದವರೆಲ್ಲರದಲ್ಲ. ತಡವಾಗಿ ಬಂದವರು, ಒಪ್ಪಿಗೆ ಸಿಗದವರು ಅದರಲ್ಲಿ ಸೇರಿಲ್ಲ. 1876ರಲ್ಲಿ 11 ವರ್ಷದ ಬಾಲಕನೊಬ್ಬನಿಗೆ ಹಣೆಯ ಗಾಯದ ನಂತರ ಬಲಭಾಗದಲ್ಲಿ ಸೆಳವು ಕಾಣಿಸಿಕೊಂಡು, ಮಾತು ನಿಂತಿತು. ಎಡ ಮುಂಮಿದುಳಿನಲ್ಲಿ ಕುರುವಿದೆಯೆಂದು ಮೆಕ್ಯೂವೆನ್ ಹೇಳಿದರು. ಶಸ್ತ್ರಕ್ರಿಯೆಗೆ ಒಪ್ಪಿಗೆ ದೊರೆಯಲಿಲ್ಲ. ಬಾಲಕ ತೀರಿಕೊಂಡ ಮೇಲೆ ತೆರೆದು ನೋಡಿದಾಗ ಕೀವು ಅವರು ಹೇಳಿದಲ್ಲೇ ಇತ್ತು. ಅವರ ವಿಧಾನಕ್ಕೆ ದೊರೆತ ಅತಿ ಗಟ್ಟಿಯಾದ ಪುರಾವೆಗಳಲ್ಲೊಂದು ಈ ಬಾಲಕನದು. 19ರ ಲೆಕ್ಕದಲ್ಲಿ ಮಾತ್ರ ಅವನಿಲ್ಲ.

ಆದ್ದರಿಂದ ಈ ಅಂಕಿಯನ್ನು ಇಂದಿನ ಆಸ್ಪತ್ರೆಗಳ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ಈಗ ಸಿ.ಟಿ., ಎಂ.ಆರ್.ಐ. ಚಿತ್ರಗಳು ಕುರುವನ್ನು ತೋರಿಸುತ್ತವೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಸೂಜಿಯಿಂದ ಕೀವು ಹೀರಿ, ಸೂಕ್ಷ್ಮಾಣುವನ್ನು ಗುರುತಿಸಿ, ಹಲವು ವಾರ ಪ್ರತಿಜೈವಿಕ ಕೊಡುತ್ತಾರೆ. ಕೆಲವು ಸಣ್ಣ ಕುರುಗಳು ಔಷಧದಿಂದಲೇ ಕರಗುತ್ತವೆ. ಕೆಲವನ್ನು ಕವಚಸಮೇತ ತೆಗೆಯಬೇಕಾಗುತ್ತದೆ. ಗ್ರಂಥದ ಒತ್ತು ಹೆಚ್ಚಾಗಿ ಕಿವಿಯ ಮೇಲಿದೆ. ಹುಟ್ಟಿನಿಂದ ಹೃದಯದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಿಗೂ ಈ ಅಪಾಯವಿದೆಯೆಂಬುದನ್ನು ಇಂದಿನ ಓದುಗರು ಸೇರಿಸಿಕೊಳ್ಳಬೇಕು. ಅವರಲ್ಲಿ ಸ್ವಲ್ಪ ರಕ್ತ ಶ್ವಾಸಕೋಶದಲ್ಲಿ ಸೋಸಿಕೊಳ್ಳದೆಯೇ ಮಿದುಳಿಗೆ ಹೋಗುತ್ತದೆ.

ಗ್ರಂಥ ಹಳತಾಗಿದೆ, ಎಚ್ಚರಿಕೆ ಹಳತಾಗಿಲ್ಲ. ಕಿವಿ ಸೋರುವ ಮಗುವಿಗೆ ಬಿಡದ ತಲೆನೋವು, ವಾಂತಿ, ಮಂಪರು ಅಥವಾ ಸೆಳವು ಕಂಡರೆ, ಜ್ವರವಿಲ್ಲದಿದ್ದರೂ, ಅಂದೇ ಆಸ್ಪತ್ರೆಗೆ ಕಳುಹಿಸಿ. ಛೇದದ ಹೊರಗೆ ಉಳಿಯುವ ಮಕ್ಕಳನ್ನು ಮೊದಲು ಕಾಣುವವರು ನೀವೇ.