ಮೊಳದುದ್ದದ ಹಡಗು

ತವರುಮನೆಯ ಅಟ್ಟ ಖಾಲಿ ಮಾಡಿದ ದಿನ ಹಿತ್ತಾಳೆ ಪಾತ್ರೆಗಳಿಗೆ ವಾರಸುದಾರರು ಕೂಡಲೇ ಸಿಕ್ಕಿದರು. ಮುರಿದ ಪ್ಲಾಸ್ಟಿಕ್ ಹಡಗೊಂದಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಅದು ನನ್ನ ತಮ್ಮ ಹತ್ತು ವರ್ಷದವನಿದ್ದಾಗ ಅಂಟಿಸಿದ್ದು. ಸರಕು ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ ಇಂಗ್ಲೆಂಡಿನಿಂದ ತಂದುಕೊಟ್ಟ ಕಿಟ್. ಅವನಿಗೆ ಫೋನ್ ಮಾಡಿ ಕೇಳಿದೆ.

"ಎಸೆದುಬಿಡು ಅಕ್ಕ. ಅದೇ ಹಡಗಿನ ಹೊಸ ಕಿಟ್‌ಗಳು ಈಗ ಬೇಕಾದಷ್ಟಿವೆ. ಹಿತ್ತಾಳೆ ತಗಡಿನಲ್ಲಿ ಕೊರೆದ ರೇಲಿಂಗ್ ಸಮೇತ ಬರುತ್ತೆ. ಅದು ಬರೀ ಒರಟು ಕೆಲಸ" ಎಂದ.

ಒರಟು ಎಂಬ ಮಾತು ನಿಜವೇ. ಆದರೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದೆ. ಊಟದ ಮೇಜಿನ ಒಂದು ಮೂಲೆಯಲ್ಲಿ ಎಂಟು ತಿಂಗಳು ಅದರ ಜೊತೆ ಕೂತೆ. ಪುಸ್ತಕ ಓದಿದವರು ಅದರ ಗುಣದೋಷ ಬರೆಯುತ್ತಾರಲ್ಲ, ಹಾಗೆ ಈ ಕಿಟ್ಟಿನ ಗುಣದೋಷವನ್ನು ನಾನು ಬರೆಯಬೇಕೆಂದಿದ್ದೇನೆ. ಪುಸ್ತಕವನ್ನಾದರೂ ಮೇಲಿಂದ ಮೇಲೆ ಓದಿ ಮುಗಿಸಬಹುದು. ಇದನ್ನು ಅಂಗುಲ ಅಂಗುಲವೂ ಬಿಚ್ಚಿ ನೋಡಿದ್ದೇನೆ.

ಹಡಗಿನ ಹೆಸರು ಹುಡ್. ಬ್ರಿಟಿಷ್ ನೌಕಾಪಡೆಯದು. 1920ರಲ್ಲಿ ಸೇವೆಗೆ ಸೇರಿದ ಮೇಲೆ ಸುಮಾರು ಇಪ್ಪತ್ತು ವರ್ಷ ಜಗತ್ತಿನ ಅತಿ ದೊಡ್ಡ ಯುದ್ಧನೌಕೆ ಎನಿಸಿಕೊಂಡಿತ್ತು. ನಿಜವಾದ ಉದ್ದ 262 ಮೀಟರ್. ನಮ್ಮ ಕಿಟ್ಟಿನಲ್ಲಿ ಅದರ 600ನೇ ಒಂದು ಪಾಲು. ಅಂದರೆ ಒಂದು ಮೊಳಕ್ಕೆ ಮುಕ್ಕಾಲು ಅಂಗುಲ ಕಡಿಮೆ.

ಮೊದಲು ದೋಷವನ್ನೇ ಹೇಳುತ್ತೇನೆ, ಅವು ಕಣ್ಣಿಗೆ ಹೊಡೆಯುತ್ತವೆ. ಕಿಟ್ಟಿನ ಗೋಡೆಗಳೆಲ್ಲ ಒಂದು ಮಿಲಿಮೀಟರ್ ದಪ್ಪ. ಕೇಳಲು ತೆಳ್ಳಗಿದೆ ಅನ್ನಿಸುತ್ತದೆ. 600ರಿಂದ ಗುಣಿಸಿ ನೋಡಿ: ಅರವತ್ತು ಸೆಂಟಿಮೀಟರ್. ಗಾಳಿ ಮಳೆ ತಡೆಯಲು ನಿಲ್ಲಿಸಿದ ತಗಡಿನ ಮರೆ ಇಲ್ಲಿ ಕೋಟೆಯ ಗೋಡೆಯಾಗಿದೆ. ದೊಡ್ಡ ಫಿರಂಗಿಗಳು ಎಂಟು; ಒಂದೊಂದರ ಬಾಯಿ 381 ಮಿಲಿಮೀಟರ್ ಅಗಲ. ಕಿಟ್ಟಿನಲ್ಲಿ ಬಾಯಿಯೇ ಇಲ್ಲ, ಬರೀ ಕಡ್ಡಿ. ಮೆಟ್ಟಿಲೆಂದರೆ ಗೀರು ಹಾಕಿದ ಇಳಿಜಾರು. ದೋಣಿಗಳು ಒಳಗೆ ಟೊಳ್ಳಿಲ್ಲದ ಗಟ್ಟಿ ಉಂಡೆಗಳು. ಎರಡು ಅಚ್ಚು ಸೇರುವ ಕಡೆಯೆಲ್ಲ ಹಪ್ಪಳದಂಚಿನಂಥ ಪ್ಲಾಸ್ಟಿಕ್ ಹೊರಗೆ ಚಾಚಿದೆ. ರೇಲಿಂಗ್ ಇಲ್ಲವೇ ಇಲ್ಲ. ಸಾವಿರದ ನಾನೂರು ಜನ ಬದುಕಿದ ಹಡಗಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ!

ಇನ್ನು ಗುಣ. ಹೊಲಿಗೆ ಗೊತ್ತಿರುವವರಿಗೆ ಬೇಗ ಅರ್ಥವಾದೀತು. ರವಿಕೆಯ ಹೊಲಿಗೆ ಎಷ್ಟೇ ಕೆಟ್ಟಿದ್ದರೂ ಬಿಚ್ಚಿ ಮತ್ತೆ ಹಾಕಬಹುದು. ಕಟಿಂಗ್ ತಪ್ಪಿದ್ದರೆ ಯಾವ ಲೇಸೂ ಅದನ್ನು ಉಳಿಸುವುದಿಲ್ಲ. 1960ರ ದಶಕದ ಈ ಅಚ್ಚು ಕೊರೆದವರ ಹೊಲಿಗೆ ಒರಟು, ಕಟಿಂಗ್ ಚೆನ್ನಾಗಿದೆ. ಹಡಗಿನ ಒಡಲನ್ನು ಫೋಟೋಗಳ ಪಕ್ಕದಲ್ಲಿಟ್ಟು ನೋಡಿದೆ. ಮುಂಭಾಗ ಮೇಲೇರಿ, ನಡುವೆ ತುಂಬಿಕೊಂಡು, ಹಿಂದಕ್ಕೆ ಬರುತ್ತ ನೀರಿನ ಮಟ್ಟಕ್ಕೆ ತಗ್ಗುವ ಆ ಉದ್ದನೆಯ ಗೆರೆಯನ್ನು ಅವರು ಸರಿಯಾಗಿ ಹಿಡಿದಿದ್ದಾರೆ. ಎರಡು ಚಿಮಣಿಗಳು ಎಷ್ಟು ದೂರದಲ್ಲಿ ನಿಲ್ಲಬೇಕೋ ಅಷ್ಟೇ ದೂರದಲ್ಲಿವೆ. ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದರೆ, ಅದು ಹುಡ್ ಅಲ್ಲದೆ ಬೇರೆ ಹಡಗಾಗಲು ಸಾಧ್ಯವಿಲ್ಲ. ಆದ್ದರಿಂದಲೇ ರಿಪೇರಿಗೆ ಕೈ ಹಾಕಿದೆ.

ಸಾಮಾನು ಬಹುಪಾಲು ಮನೆಯಲ್ಲೇ ಸಿಕ್ಕಿತು. ಐಸ್‌ಕ್ರೀಂ ಕಪ್ಪಿನ ತೆಳು ಗೋಡೆಯನ್ನು ಬ್ಲೇಡಿನಲ್ಲಿ ಗೀರಿ ಮುರಿದರೆ ನೆಟ್ಟಗೆ ತುಂಡಾಗುತ್ತದೆ. ಕೋಟೆ ಗೋಡೆಗಳನ್ನು ಉಜ್ಜಿ ತೆಗೆದು ಆ ಜಾಗದಲ್ಲಿ ಇವನ್ನು ನಿಲ್ಲಿಸಿದೆ. ಫಿರಂಗಿಯ ತುದಿಗೆ ಸಣ್ಣ ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡ ತೂತು ಕೊರೆದೆ. ಒಂದಕ್ಕೆ ಒಂದು ಸಂಜೆ, ಎಂಟು ಸಂಜೆ. ದೋಣಿ ಇಳಿಸುವ ಬಾಗಿದ ಕಂಬಗಳಿಗೆ ಹಳೇ ವೈರಿನೊಳಗಿನ ತಾಮ್ರದ ಎಳೆ. ದೋಣಿಯ ಮೇಲಿನ ಕ್ಯಾನ್ವಾಸ್ ಹೊದಿಕೆಗೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಕಾಗದ; ಒಣಗುವಾಗ ತಾನೇ ಸುಕ್ಕುಗಟ್ಟಿ ಬಟ್ಟೆಯಂತಾಗುತ್ತದೆ.

ಹಗ್ಗಗಳಿಗೆ ಒಂದು ಉಪಾಯವಿದೆ. ಅಚ್ಚಿನ ಬಿಡಿಭಾಗಗಳನ್ನು ಹಿಡಿದಿರುವ ಕಡ್ಡಿಗಳನ್ನು ಸಾಮಾನ್ಯವಾಗಿ ಎಸೆಯುತ್ತಾರೆ. ಅಂಥ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ತಾಗದಂತೆ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಉರಿಯಿಂದ ಸರಿಸಿ ಎರಡೂ ಕೈಯಲ್ಲಿ ಎಳೆಯಬೇಕು. ಬೆಲ್ಲದ ಪಾಕ ಎಳೆ ಬರುವ ಹಾಗೆ ಕೂದಲಿನಷ್ಟು ಸಪೂರ ದಾರ ಬರುತ್ತದೆ. ಪಾಕದ ಹದ ಬಲ್ಲ ಕೈಗೆ ಇದು ಮೂರನೇ ಸಲಕ್ಕೇ ಒಲಿಯುತ್ತದೆ. ಇದು ಗಂಡುಹುಡುಗರ ಆಟ ಎಂದು ನಮ್ಮನ್ನು ಯಾಕೆ ದೂರ ಇಟ್ಟಿದ್ದರೋ!

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೈ ಪಳಗಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಫೋಟೋದಲ್ಲಿ ಕಂಡ ಪ್ರತಿ ಹಗ್ಗ, ಪ್ರತಿ ಕೊಂಡಿ, ಪ್ರತಿ ಪೆಟ್ಟಿಗೆ ಹಡಗಿಗೆ ಏರಿದವು. ಒಂದು ಬೆಳಗ್ಗೆ ದೂರದಿಂದ ನೋಡಿದರೆ ಮದುವೆ ಮನೆಯ ಹೆಣ್ಣಿನ ಹಾಗೆ ಒಡವೆಯಷ್ಟೇ ಕಾಣುತ್ತಿದೆ, ಮುಖ ಕಾಣುತ್ತಿಲ್ಲ. ಲೆಕ್ಕ ಹಾಕಿದೆ. ತಲೆಗೂದಲಿನಷ್ಟು ಸಪೂರ ದಾರವೂ ಈ ಅಳತೆಯಲ್ಲಿ ನಾಲ್ಕು ಸೆಂಟಿಮೀಟರ್ ದಪ್ಪದ ಹಗ್ಗವಾಗುತ್ತದೆ. ಅಂದರೆ ನಿಜವಾಗಿದ್ದದ್ದನ್ನೇ ಸೇರಿಸುತ್ತ ಹೋಗಿ ಒಟ್ಟಿನಲ್ಲಿ ಸುಳ್ಳು ಕಟ್ಟಿದ್ದೆ. ಅರ್ಧಕ್ಕರ್ಧ ಕಿತ್ತು ತೆಗೆದೆ. ಸುಧಾರಣೆಯೆಂದರೆ ಸೇರಿಸುವುದು ಎಂದುಕೊಂಡವರೆಲ್ಲ ಈ ಹಳ್ಳಕ್ಕೆ ಬೀಳುತ್ತಾರೆ. ಹೊಸ ಕಿಟ್‌ಗಳ ಬಗ್ಗೆ ನನ್ನ ತಕರಾರೂ ಇದೇ. ಫೋಟೋಗಳಲ್ಲಿ ನೋಡಿದ ಕೆಲವು ಮಾದರಿಗಳಲ್ಲಿ ಹಿತ್ತಾಳೆಯ ರೇಲಿಂಗೇ ಎದ್ದು ನಿಂತು, ಹಡಗು ಅದರ ಹಿಂದೆ ಅಡಗಿಕೊಂಡಿರುತ್ತದೆ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದುರಾಯಿತು. ಯಾವ ವರ್ಷದ ಹುಡ್? ಹಡಗೂ ಮನುಷ್ಯರ ಹಾಗೆ ವರ್ಷ ವರ್ಷಕ್ಕೆ ಬದಲಾಗುತ್ತದೆ. 1923ರ ನವೆಂಬರಿನಲ್ಲಿ ಹೊರಟು ಹತ್ತು ತಿಂಗಳು ಅದು ಜಗತ್ತು ಸುತ್ತಿತ್ತು. ದಕ್ಷಿಣ ಆಫ್ರಿಕಾ, ಜಾಂಜಿಬಾರ್, ಸಿಲೋನಿನ ಟ್ರಿಂಕೋಮಲೀ, ಸಿಂಗಪುರ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ. ಸಾಮ್ರಾಜ್ಯದ ದರ್ಪ ತೋರಿಸಲು ಹೊರಟ ಮೆರವಣಿಗೆ ಅದು. ಆ ವರ್ಷದ ಹುಡ್ ಚೆಂದ. 1941ರ ಹುಡ್ ಅಷ್ಟು ಚೆಂದವಲ್ಲ. 1940ರಲ್ಲಿ ಹಳೆಯ ಚಿಕ್ಕ ಫಿರಂಗಿಗಳನ್ನು ಕಿತ್ತು, ವಿಮಾನ ಹೊಡೆಯುವ ಬೇರೆ ಫಿರಂಗಿಗಳನ್ನು ಕೂರಿಸಿದ್ದರು. ಅಲ್ಲಲ್ಲಿ ತೇಪೆ. ನನ್ನ ಕೈಕೆಲಸ ತೋರಿಸಿಕೊಳ್ಳಲು 1924 ಸಾಕಿತ್ತು. ಆದರೆ ಈ ತೇಪೆಗಳ ಬಗ್ಗೆ ಓದುತ್ತ ಹೋದ ಹಾಗೆ, ನಾನು ಮೇಜಿನ ಮೇಲೆ ಮಾಡುತ್ತಿರುವುದನ್ನೇ ಆ ಹಡಗು ಕಟ್ಟಿದವರೂ ಮಾಡಿದ್ದರು ಎಂಬುದು ತಿಳಿಯಿತು.

ಹುಡ್‌ನ ನಕ್ಷೆ ತಯಾರಾದದ್ದು ಜಟ್ಲೆಂಡ್ ಕದನಕ್ಕೆ ಮೊದಲು. 1916ರ ಮೇ 31ರ ಆ ಕದನದಲ್ಲಿ ಇದೇ ಜಾತಿಯ ಮೂರು ಬ್ರಿಟಿಷ್ ಹಡಗುಗಳು ಒಂದೇ ದಿನ ಸಿಡಿದು ಹೋದವು. ವೇಗಕ್ಕಾಗಿ ಕವಚವನ್ನು ಕಡಿಮೆ ಮಾಡಿಕೊಂಡಿದ್ದ ಹಡಗುಗಳು. ಹಾಗಾಗಿ ಹುಡ್‌ನ ನಕ್ಷೆಯನ್ನು ತಿದ್ದಿದರು. ಸುಮಾರು 5,000 ಟನ್ ಉಕ್ಕಿನ ಕವಚ ಸೇರಿಸಿದರು. ಭಾರಕ್ಕೆ ಹಡಗು ಎಣಿಸಿದ್ದಕ್ಕಿಂತ ಕೆಳಕ್ಕೆ ಕೂತಿತು. ಹಿಂಭಾಗದ ಡೆಕ್ಕಿನ ಮೇಲೆ ಸಮುದ್ರ ಹರಿಯುತ್ತಿತ್ತು. ಮೇಲಿನಿಂದ ಬೀಳುವ ಗುಂಡನ್ನು ತಡೆಯಲು ಒಂದೇ ದಪ್ಪನೆಯ ಡೆಕ್ ಇರಲಿಲ್ಲ. ಹಲವು ತೆಳು ಪದರಗಳಲ್ಲಿ ಉಕ್ಕನ್ನು ಹಂಚಿದ್ದರು, ಕೌದಿಯ ಹಾಗೆ. ಈ ಕುಂದು ನೌಕಾಪಡೆಗೆ ಗೊತ್ತಿತ್ತು. 1941ರಲ್ಲಿ ಪೂರ್ತಿ ಬಿಚ್ಚಿ ಕಟ್ಟುವ ಯೋಜನೆಯೂ ಇತ್ತು. 1939ರಲ್ಲಿ ಯುದ್ಧ ಶುರುವಾಯಿತು. ಹಡಗನ್ನು ಬಿಟ್ಟುಕೊಡಲು ಆಗಲಿಲ್ಲ.

1941ರ ಮೇ 24ರ ಬೆಳಗ್ಗೆ ಆರು ಗಂಟೆಯ ಹೊತ್ತಿಗೆ, ಡೆನ್ಮಾರ್ಕ್ ಜಲಸಂಧಿಯಲ್ಲಿ, ಜರ್ಮನಿಯ ಬಿಸ್ಮಾರ್ಕ್ ಹಾರಿಸಿದ ಗುಂಡುಗಳ ನಡುವೆ ಹುಡ್‌ನ ಮದ್ದಿನ ಕೋಣೆ ಸಿಡಿಯಿತು. ಕೆಲವೇ ನಿಮಿಷದಲ್ಲಿ ಮುಳುಗಿತು. ಹಡಗಿನಲ್ಲಿದ್ದವರು 1,418 ಮಂದಿ. ಬದುಕಿದವರು ಮೂವರು. ಗುಂಡು ಯಾವ ದಾರಿಯಲ್ಲಿ ಒಳಹೊಕ್ಕಿತೆಂದು ಆಗಲೇ ಎರಡು ವಿಚಾರಣೆ ನಡೆದವು. ಬಲ್ಲವರ ನಡುವೆ ಆ ಚರ್ಚೆ ಇಂದಿಗೂ ನಿಂತಿಲ್ಲ.

ಇದನ್ನು ಓದಿದ ರಾತ್ರಿ ನನಗೆ ಮೇಜಿನ ಹತ್ತಿರ ಹೋಗಲಾಗಲಿಲ್ಲ. ನಾನು ಕಿಟ್ಟಿನ ಗುಣವೆಂದು ಹೊಗಳಿದ್ದು ಕಟಿಂಗನ್ನು. ಹೊಲಿಗೆ ಕೆಟ್ಟದ್ದು, ಕಟಿಂಗ್ ಸರಿ, ಹಾಗಾಗಿ ಇದು ರಿಪೇರಿಯಾಗುತ್ತದೆ ಎಂದಿದ್ದೆ. ನಿಜವಾದ ಹಡಗಿನ ಕತೆ ತಿರುವುಮುರುವು. ಅದರ ಹೊರಗೆರೆಯಷ್ಟು ಸುಂದರವಾದದ್ದು ಸಮುದ್ರದ ಮೇಲೆ ಇರಲಿಲ್ಲವೆಂದು ನೋಡಿದವರೆಲ್ಲ ಹೇಳುತ್ತಿದ್ದರು. ಕುಂದು ಇದ್ದದ್ದು ಒಳಗೆ. ಇಪ್ಪತ್ತು ವರ್ಷ ಮೇಲೆ ಮೇಲೆ ತೇಪೆ ಹಾಕಿದರು. ಬಿಚ್ಚಬೇಕಾದದ್ದನ್ನು ಬಿಚ್ಚಲು ಬಿಡುವಾಗಲಿಲ್ಲ. ಬಿಡುವಿಲ್ಲವೆಂದು ಮುಂದೂಡಿದ ಇಂಥ ಕೆಲಸಗಳು ನಮ್ಮ ಮನೆಗಳಲ್ಲೂ ಇರುತ್ತವೆ; ಹೆಚ್ಚು ಹೇಳಬೇಕಾಗಿಲ್ಲ.

ಹಾಗಾಗಿ 1941 ಅನ್ನೇ ಆರಿಸಿದೆ. ಬಣ್ಣ ಮಂಕು ಬೂದು. ಬದಲಾಯಿಸಿದ ಫಿರಂಗಿಗಳನ್ನೆಲ್ಲ ಕೈಯಲ್ಲೇ ಕಟ್ಟಿದೆ. ತೇಪೆ ತೇಪೆಯಾಗಿಯೇ ಕಾಣಲಿ ಎಂದು ಬಿಟ್ಟೆ.

ರೇಲಿಂಗ್ ಕಟ್ಟಿದ್ದು ಎಲ್ಲಕ್ಕಿಂತ ಕೊನೆಗೆ. ಒಂದು ಮೀಟರ್ ಎತ್ತರದ ಕಂಬಿ ಇಲ್ಲಿ ಒಂದು ಮುಕ್ಕಾಲು ಮಿಲಿಮೀಟರ್ ಇರಬೇಕು. ಅದರ ಪಕ್ಕ ಮನುಷ್ಯನೊಬ್ಬನನ್ನು ನಿಲ್ಲಿಸಿ ನೋಡಿದೆ. ಜೀರಿಗೆ ಕಾಳಿನ ಅರ್ಧದಷ್ಟು ಎತ್ತರದವನು. ಅವನು ನಿಂತದ್ದೇ ತಡ, ಆಟಿಕೆ ಹೋಗಿ ಹಡಗಾಯಿತು. ಬದುಕಿದ ಮೂವರನ್ನು ನಿಲ್ಲಿಸೋಣವೇ ಎಂದೂ ಅನ್ನಿಸಿತು. ಆದರೆ ಆ ಬೆಳಗ್ಗೆ ಉಳಿಯುವವರು ಯಾರೆಂದು ಡೆಕ್ಕಿನ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಉಳಿದವರನ್ನು ಬಿಟ್ಟು ಮೂವರನ್ನೇ ಆರಿಸಲು ನಾನು ಯಾರು? ಒಬ್ಬನನ್ನೂ ತೆಗೆದುಬಿಟ್ಟೆ. ಕಂಬಿಗಳಿವೆ, ಹಿಡಿಯುವವರಿಲ್ಲ. ಇದು ಸರಿಯೋ ತಪ್ಪೋ, ನೋಡುವವರು ಹೇಳಲಿ.

ಹುಡ್‌ನ ಘಂಟೆಯೊಂದಿದೆ. 1891ರಲ್ಲಿ ನೀರಿಗಿಳಿದ ಇದೇ ಹೆಸರಿನ ಹಳೆಯ ಹಡಗಿನದು ಅದು. ಅದನ್ನು ಕಾಪಾಡಿ ಇಟ್ಟುಕೊಂಡಿದ್ದವರು ನೌಕಾಧಿಕಾರಿ ಹೊರೇಸ್ ಹುಡ್. ಅವರು ಜಟ್ಲೆಂಡಿನಲ್ಲಿ, ಸಿಡಿದ ಮೂರು ಹಡಗುಗಳಲ್ಲಿ ಒಂದಾದ ಇನ್‌ವಿನ್ಸಿಬಲ್ ಜೊತೆಗೇ ಹೋದರು. 1918ರ ಆಗಸ್ಟ್ 22ರಂದು ಹೊಸ ಹುಡ್ ಅನ್ನು ನೀರಿಗಿಳಿಸಿದವರು ಅವರ ವಿಧವೆ. ಗಂಡನ ನೆನಪಿಗೆ ಆ ಘಂಟೆಯನ್ನು ಹೊಸ ಹಡಗಿಗೆ ಕೊಡಿಸಿದರು. ಗಂಡ ಹೋದ ರೀತಿಯಲ್ಲೇ ಆ ಹಡಗೂ ಹೋಯಿತು. 2001ರಲ್ಲಿ ಹಡಗಿನ ಅವಶೇಷ ಪತ್ತೆಯಾಯಿತು. 2015ರಲ್ಲಿ ಘಂಟೆಯನ್ನು ಮೇಲೆತ್ತಿದರು. ಈಗ ಪೋರ್ಟ್ಸ್‌ಮತ್‌ನ ನೌಕಾಪಡೆ ಮ್ಯೂಸಿಯಂನಲ್ಲಿದೆ. ನನ್ನ ಅಳತೆಯಲ್ಲಿ ಅದು ರಾಗಿ ಕಾಳಿನಷ್ಟೂ ಇರದು. ಮಾಡಲು ಹೋಗಲಿಲ್ಲ. ಕೆಲವು ವಸ್ತುಗಳನ್ನು ಚಿಕ್ಕದು ಮಾಡಬಾರದು.

ದೀಪಾವಳಿಗೆ ತಮ್ಮ ಬಂದ. ಕನ್ನಡಕ ಹಣೆಗೇರಿಸಿ, ಹಡಗನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಫಿರಂಗಿಯ ಬಾಯಿ ನೋಡಿದ, ಮೆಟ್ಟಿಲು ನೋಡಿದ, ರೇಲಿಂಗಿನ ಮೇಲೆ ಉಸಿರು ಬೀಳದಂತೆ ಬಾಯಿ ಮುಚ್ಚಿಕೊಂಡ. ಆಮೇಲೆ ಮಗುಚಿ ತಳ ನೋಡಿದ. ಹಿಂಭಾಗದ ತಳದಲ್ಲಿ, ಅಂಟು ಹತ್ತಿದ ಬೆರಳನ್ನು ಯಾರೋ ಒತ್ತಿದ ಗುರುತಿದೆ. ಪ್ಲಾಸ್ಟಿಕ್ ಕರಗಿ ಬೆರಳ ಗೆರೆಗಳೆಲ್ಲ ಅಚ್ಚಾಗಿವೆ. ಹತ್ತು ವರ್ಷದ ಹುಡುಗನ ಬೆರಳು.

"ಇದನ್ನ ಯಾಕೆ ಬಿಟ್ಟೆ ಅಕ್ಕ? ಎಮ್ರಿ ಕಾಗದದಲ್ಲಿ ನಾಲ್ಕು ಸಲ ಉಜ್ಜಿದ್ರೆ ಹೋಗ್ತಿತ್ತಲ್ಲ."

"ಗೊತ್ತು" ಎಂದೆ.

ಗುಣದೋಷ ಬರೆಯುವವಳಾಗಿ ಹೇಳಬೇಕೆಂದರೆ ಅದು ದೋಷವೇ. ಈ ಮಾದರಿಯಲ್ಲಿ ಅಳತೆಗೆ ಹೊರತಾದದ್ದು ಅದೊಂದೇ. 600ರಿಂದ ಗುಣಿಸಿದರೆ ಹಡಗಿನ ತಳಕ್ಕೆ ರಾಕ್ಷಸನೊಬ್ಬನ ಹೆಬ್ಬೆರಳು ಬಿದ್ದಂತಾಗುತ್ತದೆ. ಅವನು ಮತ್ತೆ ಏನೂ ಕೇಳಲಿಲ್ಲ. ಹಡಗನ್ನು ಮೇಜಿನ ಮೇಲಿಟ್ಟು, "ಪೆಟ್ಟಿಗೆ ಏನಾದ್ರೂ ಇದ್ಯಾ? ಬಸ್ಸಿನಲ್ಲಿ ಅಲುಗಾಡದ ಹಾಗೆ ತಗೊಂಡು ಹೋಗ್ಬೇಕು" ಎಂದ.